ಯಾವ ಟೇಬಲ್‌ನ ಕಂಪ್ಯೂಟರ್‌ನಲ್ಲಿ ಯಾವ ಕೆಲಸ ಆಗುತ್ತೆ? ತಾಲೂಕು ಕಚೇರಿಗೆ ಹೋಗೋ ಮುಂಚೆ ತಿಳ್ಕೊಳ್ಳಿ

ಪಹಣಿ ಬೇಕು, ಖಾತೆ ಬದಲಾಗಬೇಕು, ಆದಾಯ ಪ್ರಮಾಣಪತ್ರ ಬೇಕು ಅಂತ ತಾಲೂಕು ಕಚೇರಿಗೆ ಬರೋ ಬಹುತೇಕ ಜನ ಮೊದಲು ಕಣ್ಣಿಗೆ ಬಿದ್ದ ಕಂಪ್ಯೂಟರ್ ಮುಂದೆ ಹೋಗಿ ನಿಲ್ತಾರೆ. ಅಲ್ಲಿ ಕೂತವರು "ಇದು ನಮ್ಮಲ್ಲಿ ಬರಲ್ಲ, ಆ ಕಡೆ ಕೇಳಿ" ಅಂತಾರೆ. ಆ ಕಡೆ ಹೋದ್ರೆ "ಸಾಹೇಬ್ರ ಲಾಗಿನ್‌ನಲ್ಲಿದೆ" ಅಂತಾರೆ. ಮಧ್ಯಾಹ್ನ ಊಟದ ಹೊತ್ತಾಗುತ್ತೆ, ಊರಿನ ಬಸ್ ಹೊರಡುತ್ತೆ, ಒಂದು ದಿನದ ಕೂಲಿ ಹೋಗುತ್ತೆ. ಗೇಟ್ ಹತ್ರ ನಿಂತಿರೋ ಮಧ್ಯವರ್ತಿಗೆ ಗಿರಾಕಿ ಸಿಗೋದು ಇಂಥ ದಿನಾನೇ.

ಎಲ್ಲಾ ಟೇಬಲ್ ಮೇಲೂ ಕಂಪ್ಯೂಟರ್ ಒಂದೇ ಥರ ಕಾಣುತ್ತೆ. ಆದರೆ ಒಳಗೆ ತೆರೆಯೋ ಪರದೆ ಹುದ್ದೆಗೊಂದು. ಒಬ್ಬರಿಗೆ ಅರ್ಜಿ ದಾಖಲು ಮಾಡೋಕೆ ಮಾತ್ರ ಅವಕಾಶ, ಇನ್ನೊಬ್ಬರಿಗೆ ಪರಿಶೀಲನೆ, ಮತ್ತೊಬ್ಬರಿಗೆ ಒಪ್ಪಿಗೆ ಕೊಡೋದು. ಈ ವ್ಯತ್ಯಾಸ ಗೊತ್ತಿದ್ರೆ ಅರ್ಧ ಓಡಾಟ ತಪ್ಪುತ್ತೆ.

ಕೌಂಟರ್‌ನಲ್ಲಿರೋ ಆಪರೇಟರ್

ಕಿಟಕಿಯ ಹಿಂದೆ ಕೂತು ಟಕಟಕ ಟೈಪ್ ಮಾಡೋರು ಡಾಟಾ ಎಂಟ್ರಿ ಆಪರೇಟರ್. ಬಹಳ ಕಡೆ ಇವರು ಹೊರಗುತ್ತಿಗೆ ಮೇಲೆ ಬಂದವರು, ಕಾಯಂ ನೌಕರರಲ್ಲ. ಜನರ ಸಿಟ್ಟಿಗೆ ಮೊದಲು ಸಿಗೋರೂ ಇವರೇ. ಆದರೆ ಇವರ ಕೈಯಲ್ಲಿ ಇರೋ ಅಧಿಕಾರ ತೀರಾ ಕಡಿಮೆ: ಅರ್ಜಿ ತಗೊಳ್ಳೋದು, ದಾಖಲೆ ಸ್ಕ್ಯಾನ್ ಮಾಡಿ ಸೇರಿಸೋದು, ಶುಲ್ಕ ಪಡೆದು ರಸೀದಿ ಕೊಡೋದು, ಸಿದ್ಧವಾದ ಪ್ರತಿ ಪ್ರಿಂಟ್ ಹಾಕೋದು. ಪಹಣಿಯಲ್ಲಿ ನಿಮ್ಮ ತಂದೆ ಹೆಸರು ತಪ್ಪಾಗಿದೆ ಅಂತ ಎಷ್ಟು ಕೂಗಾಡಿದ್ರೂ ಆಪರೇಟರ್ ಒಂದು ಅಕ್ಷರ ಬದಲಿಸೋಕೆ ಬರಲ್ಲ. ಅದಕ್ಕೆ ಅರ್ಜಿ ಕೊಟ್ಟು ಮೇಲಧಿಕಾರಿಯಿಂದ ತಿದ್ದುಪಡಿ ಆದೇಶ ಆಗಬೇಕು.

ಹಾಗಂತ ಆಪರೇಟರ್ ಕೆಲಸ ಸಣ್ಣದಲ್ಲ. ಅರ್ಜಿಯಲ್ಲಿ ಹೆಸರು, ಸರ್ವೆ ನಂಬರ್, ಹಿಸ್ಸಾ ನಂಬರ್ ಇಲ್ಲಿ ತಪ್ಪಿದ್ರೆ ಮುಂದೆ ಎಲ್ಲಾ ಕಡೆ ತಪ್ಪೇ ಓಡುತ್ತೆ. ರಸೀದಿ ಕೈಗೆ ಬಂದ ತಕ್ಷಣ ಕಿಟಕಿ ಬಿಟ್ಟು ಓಡಬೇಡಿ. ಅಲ್ಲೇ ನಿಂತು ಹೆಸರು, ಊರು, ನಂಬರ್ ಓದಿ. ಹಿಂದೆ ನಿಂತವರು ಗೊಣಗಿದ್ರೂ ಪರವಾಗಿಲ್ಲ.

ಇನ್ನೊಂದು ಮುಖ್ಯ ವಿಷಯ ಮೊಬೈಲ್ ನಂಬರ್. ಪೇಟೆಯ ಸೈಬರ್ ಅಂಗಡಿ, ಜೆರಾಕ್ಸ್ ಅಂಗಡಿಗಳಲ್ಲಿ ಅರ್ಜಿ ಹಾಕಿಸಿದಾಗ ಎಷ್ಟೋ ಸಲ ಅಂಗಡಿಯವರ ನಂಬರ್ರೇ ಸೇರಿಹೋಗುತ್ತೆ. ಅವರ ತಪ್ಪು ಅನ್ನೋ ಹಾಗೂ ಇಲ್ಲ. ಅಜ್ಜಿಗೆ ಫೋನ್ ಇಲ್ಲ, ಒಟಿಪಿ ಬರ್ಬೇಕು, ಹಿಂದೆ ಹತ್ತು ಜನ ಕಾಯ್ತಿದಾರೆ, ಕೆಲಸ ಮುಗಿದ್ರೆ ಸಾಕು ಅನ್ನೋ ಅವಸರ. ಆದರೆ ಆಮೇಲೆ "ದಾಖಲೆ ಕಡಿಮೆ ಇದೆ", "ಅರ್ಜಿ ತಿರಸ್ಕೃತ" ಅನ್ನೋ ಮೆಸೇಜ್ ಎಲ್ಲಾ ಅಂಗಡಿಯವರ ಫೋನ್‌ಗೆ ಹೋಗುತ್ತೆ. ಅರ್ಜಿದಾರರು ತಿಂಗಳುಗಟ್ಟಲೆ ಕಾಯ್ತಾ ಕೂರ್ತಾರೆ. ಮನೆಯಲ್ಲಿ ಯಾರದಾದ್ರೂ ಒಬ್ಬರ ನಂಬರ್ ಕೊಡಿ. ಅಂಗಡಿಯವರೂ ಇದನ್ನ ಕೇಳಿ ಬರೆಸಿಕೊಂಡ್ರೆ ಒಳ್ಳೇದು, ನಾಳೆ ತಕರಾರು ಬಂದಾಗ ಅವರ ತಲೆಗೆ ಬರಲ್ಲ.

ಗ್ರಾಮ ಆಡಳಿತ ಅಧಿಕಾರಿ: ಕಂಪ್ಯೂಟರ್ ಅಂದ್ರೆ ಮೊಬೈಲ್

ಹಿಂದೆ ಶಾನುಭೋಗರು, ಆಮೇಲೆ ಗ್ರಾಮ ಲೆಕ್ಕಿಗರು, ಈಗ ಗ್ರಾಮ ಆಡಳಿತ ಅಧಿಕಾರಿ. ಜನರ ಬಾಯಲ್ಲಿ ಮಾತ್ರ ಇನ್ನೂ ವಿಎ. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿ ನಾಡಕಚೇರಿಯಲ್ಲಿ ದಾಖಲಾದ್ರೂ ಸ್ಥಳ ಪರಿಶೀಲನೆ ಇವರದ್ದು. ಇವರ ವರದಿ ಮೇಲೆ ರಾಜಸ್ವ ನಿರೀಕ್ಷಕರು ಅಂದ್ರೆ ಆರ್‌ಐ ನೋಡ್ತಾರೆ, ಕೊನೆಗೆ ನಾಡಕಚೇರಿಯ ಉಪ ತಹಶೀಲ್ದಾರ್ ಡಿಜಿಟಲ್ ಸಹಿ ಹಾಕ್ತಾರೆ. ನಾಡಕಚೇರಿ ಕೌಂಟರ್‌ನಲ್ಲಿ "ವಿಎ ಹತ್ರ ಪೆಂಡಿಂಗ್" ಅಂದ್ರೆ ಕೌಂಟರ್‌ನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ, ವಿಎ ಅವರನ್ನೇ ಹುಡುಕಬೇಕು.

ವಿಎಗಳ ಕೆಲಸ ಈಗ ಹೆಚ್ಚಾಗಿ ಮೊಬೈಲ್ ಆಪ್‌ಗಳಲ್ಲಿ. ಬೆಳೆ ಸಮೀಕ್ಷೆ, ಸರ್ಕಾರಿ ಜಮೀನು ಕಾಯೋಕೆ ಲ್ಯಾಂಡ್ ಬೀಟ್, ಬಗರ್ ಹುಕುಂ ಅರ್ಜಿ ಪರಿಶೀಲನೆ, ಸತ್ತವರ ಹೆಸರಲ್ಲೇ ಉಳಿದ ಜಮೀನಿಗೆ ಇ-ಪೌತಿ, ಹೀಗೆ ಒಂದೇ ಫೋನ್‌ನಲ್ಲಿ ಸಾಲು ಸಾಲು ಆಪ್. ಕೂರೋಕೆ ಸರಿಯಾದ ಕಚೇರಿ ಇಲ್ಲ, ಲ್ಯಾಪ್‌ಟಾಪ್ ಇಲ್ಲ, ಪ್ರಿಂಟರ್ ಇಲ್ಲ, ಆಪ್ ಕೆಲಸ ಮಾತ್ರ ಹೇರ್ತೀರಿ ಅಂತ ಇವರು 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದಾದ್ಯಂತ ಮುಷ್ಕರ ಕೂತಿದ್ದರು. 2025ರ ಫೆಬ್ರವರಿಯಲ್ಲಿ ಮತ್ತೆ ಕೂತರು. ಆ ದಿನಗಳಲ್ಲಿ ಅರ್ಜಿಗಳು ನಿಂತಿದ್ದು ಯಾಕೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ಕೌಂಟರ್‌ನಲ್ಲಿ ಕಂಪ್ಯೂಟರ್ ಓಡ್ತಾನೇ ಇತ್ತಲ್ಲ!

ವಿಎ ಅವರ ಬೇಡಿಕೆಯಲ್ಲಿ ನ್ಯಾಯ ಇದೆ. ಮೂರು ನಾಲ್ಕು ಹಳ್ಳಿ ಸುತ್ತಬೇಕು, ಗುಡ್ಡದ ಪಕ್ಕದ ಊರಲ್ಲಿ ಸಿಗ್ನಲ್ ಸಿಗಲ್ಲ, ಫೋಟೊ ಅಪ್‌ಲೋಡ್ ಆಗೋವರೆಗೂ ಮರದ ಕೆಳಗೆ ನಿಲ್ಲಬೇಕು. ಆದರೆ ಇದೇ ಕಾರಣ ಹೇಳಿ ಫೋನ್ ಎತ್ತದೇ ಇರೋ ವಿಎಗಳೂ ಇದಾರೆ, ಅದನ್ನೂ ಹೇಳಲೇಬೇಕು.

ಭೂಮಿ ಶಾಖೆ: ಬೆರಳು ಇಟ್ಟರೆ ಮಾತ್ರ ಬಾಗಿಲು

ತಾಲೂಕು ಕಚೇರಿಯ ಕಂಪ್ಯೂಟರ್ ಕಥೆ ನಿಜವಾಗಿ ಶುರುವಾಗಿದ್ದು ಇಲ್ಲಿಂದ. 2000ದ ಆಸುಪಾಸಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ, ಸುಮಾರು 67 ಲಕ್ಷ ರೈತರ ಹತ್ತಿರ ಹತ್ತಿರ 2 ಕೋಟಿ ಪಹಣಿಗಳನ್ನ ಕಂಪ್ಯೂಟರ್‌ಗೆ ಏರಿಸಿದರು. ಆಗ ಇದ್ದ 177 ತಾಲೂಕುಗಳಲ್ಲೂ ಭೂಮಿ ಕೇಂದ್ರ ಬಂತು. ಕೈಬರಹದ ಪಹಣಿಗೆ ಮಾನ್ಯತೆ ಹೋಯ್ತು. ಶುರುವಿನಲ್ಲಿ ಒಂದು ಪಹಣಿಗೆ 15 ರೂಪಾಯಿ ಇತ್ತು.

ಭೂಮಿ ತಂತ್ರಾಂಶದಲ್ಲಿ ಎರಡು ಗಟ್ಟಿ ನಿಯಮ ಇಟ್ಟಿದ್ದರು. ಒಂದು, ಒಳಗೆ ಹೋಗೋಕೆ ಪಾಸ್‌ವರ್ಡ್ ಸಾಲದು, ಬೆರಳಚ್ಚು ಬೇಕು. ಯಾವ ಬದಲಾವಣೆ ಯಾರು ಮಾಡಿದ್ದು ಅಂತ ಬೆರಳೇ ಸಾಕ್ಷಿ. ಎರಡು, ಮೊದಲು ಬಂದ ಅರ್ಜಿ ಮೊದಲು. ನಂತರ ಬಂದ ಪರಿಚಯದವರ ಅರ್ಜಿ ಎತ್ತಿ ಮುಂದೆ ಹಾಕೋಕೆ ತಂತ್ರಾಂಶ ಬಿಡಬಾರದು ಅನ್ನೋದು ಉದ್ದೇಶ.

ಖಾತೆ ಬದಲಾವಣೆ ಅಂದ್ರೆ ಮ್ಯುಟೇಶನ್ ಹೇಗೆ ಸಾಗುತ್ತೆ ನೋಡಿ. ಜಮೀನು ಕ್ರಯ ಆದ್ರೆ ಉಪನೋಂದಣಿ ಕಚೇರಿಯ ಕಾವೇರಿ ತಂತ್ರಾಂಶದಿಂದ ವಿವರ ತಾನಾಗೇ ಭೂಮಿಗೆ ಬರುತ್ತೆ, ಇದನ್ನೇ ಜೆ-ಸ್ಲಿಪ್ ಅನ್ನೋದು. ಪೌತಿ, ವಿಭಾಗದಂಥ ವಿಷಯಕ್ಕೆ ಅರ್ಜಿ ಹಾಕಬೇಕು. ಭೂಮಿ ಶಾಖೆಯ ಕೇಸ್ ವರ್ಕರ್, ಅಂದ್ರೆ ಎಫ್‌ಡಿಎ ಅಥವಾ ಎಸ್‌ಡಿಎ, ದಾಖಲೆ ನೋಡಿ ನೋಟಿಸ್ ತೆಗೀತಾರೆ. ನಮೂನೆ 12, ನಮೂನೆ 21 ಅಂತ ಕರೆಯೋದು ಇದನ್ನೇ. ವಿಎ ಅದನ್ನ ಸಂಬಂಧಪಟ್ಟವರಿಗೆ ಮುಟ್ಟಿಸಿ, ಊರಲ್ಲಿ ಅಂಟಿಸ್ತಾರೆ. ಅವಧಿ ಒಳಗೆ ತಕರಾರು ಬರದಿದ್ರೆ ಆರ್‌ಐ ತಮ್ಮ ಲಾಗಿನ್‌ನಲ್ಲಿ ಆದೇಶ ಮಾಡ್ತಾರೆ, ಎಂ.ಆರ್. ನಂಬರ್ ಬೀಳುತ್ತೆ. ತಕರಾರು ಬಂದ್ರೆ ವಿಷಯ ಆರ್‌ಐ ಕೈಬಿಟ್ಟು ತಹಶೀಲ್ದಾರ್ ಮಟ್ಟದ ವಿಚಾರಣೆಗೆ ಹೋಗುತ್ತೆ. ಆಗ ಅದು ಕಂಪ್ಯೂಟರ್ ಕೆಲಸ ಅಲ್ಲ, ಕೇಸು. ಕೌಂಟರ್‌ನಲ್ಲಿ "ಯಾವಾಗ ಆಗುತ್ತೆ" ಅಂತ ಕೇಳಿದ್ರೆ ಯಾರಿಗೂ ಉತ್ತರ ಗೊತ್ತಿರಲ್ಲ. ವಿಚಾರಣೆ ದಿನಾಂಕ ಕೇಳಬೇಕು.

ಈ ದಾರಿಯಲ್ಲಿ ಅರ್ಜಿ ಹೆಚ್ಚಾಗಿ ನಿಲ್ಲೋದು ಎರಡು ಕಡೆ. ಒಂದು, ಜಮೀನಿನ ಭಾಗ ಮಾತ್ರ ಮಾರಿದಾಗ 11-ಇ ನಕ್ಷೆ ಇಲ್ಲದೇ ಇರೋದು. ಇನ್ನೊಂದು, ನೌಕರರು ವರ್ಗ ಆದಾಗ. ಬೆರಳಚ್ಚು ಆಯಾ ವ್ಯಕ್ತಿಯದ್ದಾದ್ರಿಂದ ಹಳಬರು ಹೋಗಿ ಹೊಸಬರ ಹೆಸರಿಗೆ ಲಾಗಿನ್ ಆಗೋವರೆಗೆ ಆ ಟೇಬಲ್ ಸುಮ್ಮನೆ. ರಜೆ ಮೇಲೆ ಹೋದ್ರೂ ಅಷ್ಟೇ. "ಅವರು ರಜಾ ಇದಾರೆ, ನಾಡಿದ್ದು ಬನ್ನಿ" ಅನ್ನೋದು ಎಲ್ಲಾ ಸಲ ಸಬೂಬು ಅಲ್ಲ. ಆದರೆ ಪ್ರಭಾರ ಯಾರಿಗೆ ಕೊಟ್ಟಿದಾರೆ ಅಂತ ಕೇಳೋ ಹಕ್ಕು ನಿಮಗಿದೆ, ಕೇಳಿ.

ಪಹಣಿ ಕೈಗೆ ಬಂದಾಗ ಮೂರು ಕಾಲಂ ನೋಡಿದ್ರೆ ಸಾಕು ಅಂತಾರೆ ಗೊತ್ತಿದ್ದವರು. 9ನೇ ಕಾಲಂನಲ್ಲಿ ಮಾಲೀಕರ ಹೆಸರು. 11ರಲ್ಲಿ ಸಾಲ, ಋಣ, ಇತರೆ ಹಕ್ಕು. ಬ್ಯಾಂಕ್ ಸಾಲ ತೀರಿಸಿ ವರ್ಷ ಆದ್ರೂ ಇಲ್ಲಿ ನಮೂದು ಹಾಗೇ ಉಳಿದಿರುತ್ತೆ, ತೀರಿದ ಪತ್ರ ಕೊಟ್ಟು ತೆಗೆಸಬೇಕು. 12ರಲ್ಲಿ ಬೆಳೆ. ಈ ಬೆಳೆ ವಿವರ ಕಚೇರಿಯಲ್ಲಿ ಕೂತವರು ಹಾಕೋದಲ್ಲ, ಹೊಲಕ್ಕೆ ಬಂದು ಆಪ್‌ನಲ್ಲಿ ಫೋಟೊ ತೆಗೆಯೋ ಸಮೀಕ್ಷೆಯಿಂದ ಬರೋದು. ತೊಗರಿ ಹಾಕಿದ ಹೊಲದಲ್ಲಿ ಜೋಳ ಅಂತ ನಮೂದಾದ್ರೆ ಬೆಳೆ ಹಾನಿ ಪರಿಹಾರ, ವಿಮೆ, ಬೆಂಬಲ ಬೆಲೆ ಖರೀದಿ ಮೂರಕ್ಕೂ ಪೆಟ್ಟು. ಸಮೀಕ್ಷೆ ನಡೆಯೋ ದಿನಗಳಲ್ಲೇ ನೋಡಿ ಆಕ್ಷೇಪಣೆ ಹಾಕಬೇಕು, ಪರಿಹಾರ ಘೋಷಣೆ ಆದ ಮೇಲೆ ಓಡಿ ಬಂದ್ರೆ ಕಷ್ಟ. ಪರಿಹಾರದ ಹಣ ಬೀಳೋದು ಫ್ರೂಟ್ಸ್ ಐಡಿ ಲೆಕ್ಕದಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಇದ್ರೆ ಅಲ್ಲೂ ಸಿಕ್ಕಿಹಾಕ್ಕೊಳ್ಳುತ್ತೆ.

ಸರ್ವೆ ಶಾಖೆ

ಅಳತೆ ಕೆಲಸದ ತಂತ್ರಾಂಶ ಬೇರೆ, ಅದರ ಹೆಸರು ಮೋಜಿಣಿ. ಹದ್ದುಬಸ್ತು, ಪೋಡಿ, 11-ಇ ನಕ್ಷೆ ಎಲ್ಲಾ ಅರ್ಜಿಗೂ ಇಲ್ಲಿ ನಂಬರ್ ಬೀಳುತ್ತೆ, ಸರ್ವೆಯರ್‌ಗೆ ಹಂಚಿಕೆ ಆಗುತ್ತೆ. ಹೊಲದಲ್ಲಿ ಅಳೆದು ಬಂದವರು ನಕ್ಷೆ ತಯಾರಿಸ್ತಾರೆ, ಮೇಲ್ವಿಚಾರಕರು ತಪಾಸಣೆ ಮಾಡ್ತಾರೆ, ಆಮೇಲೆ ಒಪ್ಪಿಗೆ. ಸರಪಳಿ ಹಿಡಿದು ಅಳೆಯೋ ಕಾಲ ಮುಗೀತಾ ಬಂತು, ಉಪಗ್ರಹದ ಸಂಕೇತ ಹಿಡಿಯೋ ರೋವರ್ ಯಂತ್ರ ಬಂದಿದೆ. ಜನರಿಗೆ ಉಪಯೋಗಕ್ಕೆ ಬರೋದು ದಿಶಾಂಕ್ ಆಪ್: ನಿಂತ ಜಾಗದ ಸರ್ವೆ ನಂಬರ್ ಫೋನ್‌ನಲ್ಲೇ ತೋರಿಸುತ್ತೆ. ಆದರೆ ಅದನ್ನ ಹಿಡ್ಕೊಂಡು ಪಕ್ಕದ ಹೊಲದವರ ಜೊತೆ ಬದುವಿನ ಜಗಳಕ್ಕೆ ಹೋಗಬೇಡಿ. ಅದು ಅಂದಾಜು ತೋರಿಸೋಕೆ ಮಾತ್ರ, ಹದ್ದುಬಸ್ತಿಗೆ ಸಮ ಅಲ್ಲ.

ಉಪನೋಂದಣಿ ಕಚೇರಿ

2023ರಲ್ಲಿ ಕಾವೇರಿ 2.0 ಬಂದ ಮೇಲೆ ಇಲ್ಲಿಯ ಕೆಲಸದ ಕ್ರಮವೇ ತಿರುಗಿಬಿಟ್ಟಿದೆ. ಹಿಂದೆ ಪತ್ರ ಬರೆಸಿಕೊಂಡು ಹೋಗಿ ಸಾಲಲ್ಲಿ ಕೂತ್ರೆ ಆಗ್ತಿತ್ತು. ಈಗ ವಿವರ ತುಂಬೋದು, ದಾಖಲೆ ಏರಿಸೋದು ಎಲ್ಲಾ ಮೊದಲೇ ಆನ್‌ಲೈನ್‌ನಲ್ಲಿ ಆಗಬೇಕು. ಉಪನೋಂದಣಾಧಿಕಾರಿ ತಮ್ಮ ಲಾಗಿನ್‌ನಲ್ಲಿ ಅದನ್ನ ನೋಡಿ ಸರಿ ಇದೆ ಅಂದ ಮೇಲೆ ಶುಲ್ಕ ಕಟ್ಟೋದು, ಆಮೇಲೆ ದಿನ ಮತ್ತು ಸಮಯ ಹಿಡಿಯೋದು. ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟು, ಸಹಿ, ಸ್ಕ್ಯಾನ್ ಅಷ್ಟೇ. ಕೃಷಿ ಜಮೀನಿನ ವಿವರ ಭೂಮಿಯಿಂದ, ಹಳ್ಳಿಯ ನಿವೇಶನದ್ದು ಇ-ಸ್ವತ್ತಿನಿಂದ, ಪಟ್ಟಣದ್ದು ಇ-ಆಸ್ತಿಯಿಂದ ಬರುತ್ತೆ. ಪಂಚಾಯಿತಿಯಲ್ಲಿ ನಮೂನೆ 9, 11 ಸರಿ ಇಲ್ಲದೇ ಇಲ್ಲಿ ಬಂದು ಕೂತ್ರೆ ಉಪನೋಂದಣಾಧಿಕಾರಿ ಏನೂ ಮಾಡೋಕಾಗಲ್ಲ, ತಪ್ಪು ಇರೋದು ಪಿಡಿಒ ಲಾಗಿನ್‌ನಲ್ಲಿ.

ಈ ವ್ಯವಸ್ಥೆಯಿಂದ ಪೇಟೆಯ ಡಿಟಿಪಿ ಅಂಗಡಿಗಳಿಗೆ ಕೆಲಸ ಹೆಚ್ಚಿದೆ, ಜವಾಬ್ದಾರಿಯೂ ಹೆಚ್ಚಿದೆ. ಚೆಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲು ಬದಲಾದ್ರೆ ಆಮೇಲೆ ತಿದ್ದುಪಡಿ ಪತ್ರ ಮಾಡಿಸಬೇಕು, ಅದಕ್ಕೂ ಖರ್ಚು. ಸಹಿಗೆ ಮುಂಚೆ ಕರಡು ಪ್ರತಿಯನ್ನ ಮನೆಗೆ ಒಯ್ದು ಓದಿ.

ಇಲ್ಲೊಂದು ಅಕ್ಷರದ ತೊಂದರೆಯೂ ಇದೆ. ಸರ್ಕಾರಿ ಕಚೇರಿಯಲ್ಲಿ, ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಅಂದ್ರೆ ನುಡಿ. ಕನ್ನಡ ಗಣಕ ಪರಿಷತ್ತಿನ ಈ ತಂತ್ರಾಂಶದ ಕೀಲಿಮಣೆಗೆ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ. ಆದರೆ ನುಡಿಯ ಹಳೇ ಫಾಂಟ್‌ನಲ್ಲಿ ಹೊಡೆದಿದ್ದನ್ನ ಆನ್‌ಲೈನ್ ಅರ್ಜಿಗೆ ಕಾಪಿ ಮಾಡಿ ಅಂಟಿಸಿದ್ರೆ ಕನ್ನಡದ ಬದಲು ಗೀಚಿದ ಹಾಗೆ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತೆ. ಫೈಲ್ ಕೆಟ್ಟಿಲ್ಲ, ಅದು ಯುನಿಕೋಡ್‌ಗೆ ಬದಲಾಗಿಲ್ಲ ಅಷ್ಟೇ. ನುಡಿಯಲ್ಲೇ ಯುನಿಕೋಡ್ ಆಯ್ಕೆ ಮಾಡಿ ಹೊಡೆದ್ರೆ, ಇಲ್ಲಾ ಪರಿವರ್ತಕ ಬಳಸಿದ್ರೆ ಸರಿಯಾಗುತ್ತೆ. ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರೋ ಹೆಸರುಗಳನ್ನ ಇನ್ನೊಮ್ಮೆ ನೋಡಿ, ಅಲ್ಲೇ ಎಡವಟ್ಟಾಗೋದು.

ಲೆಕ್ಕ ಶಾಖೆ: ಅಂಗಡಿಯವರ ಬಿಲ್ ಯಾಕೆ ತಡ

ಕಚೇರಿಗೆ ಪೇಪರ್, ಟೋನರ್, ಊಟ, ಶಾಮಿಯಾನ ಕೊಟ್ಟ ಅಂಗಡಿಯವರು ತಿಂಗಳುಗಟ್ಟಲೆ ಅಲೆಯೋದು ಇದೇ ಟೇಬಲ್‌ಗೆ. ಇಲ್ಲಿ ಓಡೋದು ಖಜಾನೆ-2. ಸಂಬಳದ ಬಿಲ್ ಎಚ್‌ಆರ್‌ಎಂಎಸ್‌ನಲ್ಲಿ ತಯಾರಾಗುತ್ತೆ. ಅಂಗಡಿಯವರ ಬಿಲ್ಲಿಗೆ ಮೊದಲು ಖಜಾನೆ-2ರಲ್ಲಿ ನಿಮ್ಮ ಹೆಸರಲ್ಲಿ ರೆಸಿಪಿಯೆಂಟ್ ಐಡಿ ಇರ್ಬೇಕು, ಅದಕ್ಕೆ ಬ್ಯಾಂಕ್ ಖಾತೆ ಜೋಡಣೆ ಆಗಿರ್ಬೇಕು. ಬಿಲ್ ಪುಸ್ತಕದಲ್ಲಿ ಅಂಗಡಿ ಹೆಸರು, ಖಾತೆ ಮಾಲೀಕರ ಸ್ವಂತ ಹೆಸರಲ್ಲಿ ಇದ್ರೆ ತಕರಾರು ಬರುತ್ತೆ. ಗುಮಾಸ್ತರು ಬಿಲ್ ಸಿದ್ಧ ಮಾಡ್ತಾರೆ, ಹಣ ಸೆಳೆಯೋ ಅಧಿಕಾರ ಇರೋ ಡಿಡಿಒ ಒಪ್ಪಿಗೆ ಕೊಡ್ತಾರೆ, ಆಮೇಲೆ ಉಪ ಖಜಾನೆ. ಅನುದಾನವೇ ಬಂದಿಲ್ಲ ಅಂದ್ರೆ ಯಾವ ಲಾಗಿನ್‌ನಿಂದಲೂ ಹಣ ಬರಲ್ಲ. "ಬಿಲ್ ಆಗಿದೆಯಾ" ಅಂತ ಕೇಳೋ ಬದಲು "ಬಿಲ್ ಖಜಾನೆಗೆ ಹೋಗಿದೆಯಾ, ಅನುದಾನ ಇಲ್ಲದೆ ನಿಂತಿದೆಯಾ" ಅಂತ ಕೇಳಿದ್ರೆ ಸರಿಯಾದ ಉತ್ತರ ಸಿಗುತ್ತೆ. ಮಾರ್ಚ್ ಕೊನೇ ವಾರಕ್ಕೆ ಮಾತ್ರ ಇಡಬೇಡಿ, ಆಗ ಎಲ್ಲಾ ಇಲಾಖೆಯ ಬಿಲ್ಲೂ ಒಟ್ಟಿಗೆ ನುಗ್ಗುತ್ತೆ.

ತಹಶೀಲ್ದಾರ್ ಮೇಜು

ಇಲ್ಲಿ ಟೈಪಿಂಗ್ ಕಡಿಮೆ, ಒಪ್ಪಿಗೆ ಜಾಸ್ತಿ. ಇ-ಆಫೀಸ್ ಬಂದ ಕಚೇರಿಗಳಲ್ಲಿ ನೀವು ಕೊಟ್ಟ ಮನವಿಯನ್ನ ಟಪಾಲು ಶಾಖೆಯಲ್ಲಿ ಸ್ಕ್ಯಾನ್ ಮಾಡಿ ನಂಬರ್ ಹಾಕ್ತಾರೆ. ಅಲ್ಲಿಂದ ಕೇಸ್ ವರ್ಕರ್, ಶಿರಸ್ತೇದಾರ್, ತಹಶೀಲ್ದಾರ್ ಅಂತ ಕಡತ ಪರದೆ ಮೇಲೇ ಓಡುತ್ತೆ. ಯಾರ ಹತ್ರ ಎಷ್ಟು ದಿನ ಇತ್ತು ಅಂತ ತಾರೀಕು, ಗಂಟೆ ಸಮೇತ ದಾಖಲಾಗುತ್ತೆ. "ಕಡತ ಸಿಗ್ತಿಲ್ಲ" ಅನ್ನೋ ಹಳೇ ಮಾತು ಇಲ್ಲಿ ನಡೆಯಲ್ಲ. ಹಾಗಾಗಿ ಮನವಿ ಕೊಟ್ಟಾಗ ಬರೀ ಸೀಲ್ ಹಾಕಿಸಿಕೊಂಡು ಬರಬೇಡಿ, ನಂಬರ್ ಬರೆಸಿಕೊಳ್ಳಿ.

ಡಿಜಿಟಲ್ ಸಹಿ ಅಂದ್ರೆ ಪೆನ್‌ಡ್ರೈವ್ ಥರ ಕಾಣೋ ಒಂದು ಟೋಕನ್, ಅದಕ್ಕೊಂದು ಪಿನ್. ಜನ ಡಾಂಗಲ್ ಅಂತಾರೆ. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆ ಪ್ರಕಾರ ಇದಕ್ಕೆ ಕೈಯಲ್ಲಿ ಹಾಕಿದ ಸಹಿಯಷ್ಟೇ ಬೆಲೆ. ಅವಧಿ ಮುಗಿದ್ರೆ ಹೊಸದು ಬರೋವರೆಗೂ ಸಹಿ ನಿಲ್ಲುತ್ತೆ. ಅಧಿಕಾರಿಯ ಡಾಂಗಲ್, ಪಿನ್ ಎರಡೂ ಬೇರೆಯವರ ಕೈಗೆ ಕೊಟ್ಟುಬಿಡೋದು ತಾಲೂಕು ಕಚೇರಿಯಾಗಲಿ ಪಂಚಾಯಿತಿಯಾಗಲಿ ಎಲ್ಲಿ ನಡೆದ್ರೂ ಅಪಾಯ. ಖಾತೆ ಬೇರೆಯವರ ಹೆಸರಿಗೆ ಹೋಗೋಕೆ ಒಂದು ಕ್ಲಿಕ್ ಸಾಕು, ವಾಪಸ್ ತರೋಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕು.

"ಸರ್ವರ್ ಇಲ್ಲ" ಅಂದ್ರೆ ಏನು

ತಾಲೂಕಿನಲ್ಲಿ ಅತಿ ಹೆಚ್ಚು ಕೇಳಿಬರೋ ವಾಕ್ಯ ಬಹುಶಃ ಇದೇ. ಇದಕ್ಕೆ ಬೇರೆ ಬೇರೆ ಅರ್ಥ ಇದೆ. ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಸತ್ತಿದ್ರೂ ಸರ್ವರ್ ಇಲ್ಲ. ರಸ್ತೆ ಅಗೆಯೋ ಜೆಸಿಬಿ ಕೇಬಲ್ ಕಿತ್ತಿದ್ರೂ ಸರ್ವರ್ ಇಲ್ಲ. ಬೆಂಗಳೂರಿನ ರಾಜ್ಯ ಡೇಟಾ ಕೇಂದ್ರದಲ್ಲಿ ನಿಜವಾಗಿ ತೊಂದರೆ ಆಗಿದ್ರೂ ಸರ್ವರ್ ಇಲ್ಲ. 2025ರ ಆರಂಭದಲ್ಲಿ ಕಾವೇರಿ 2.0 ವಾರಗಟ್ಟಲೆ ತೊಂದರೆ ಕೊಟ್ಟಾಗ ಅದು ಡಿಡಿಒಎಸ್ ದಾಳಿ, ಅಂದ್ರೆ ಬೇಕಂತಲೇ ನಕಲಿ ಬಳಕೆದಾರರನ್ನ ನುಗ್ಗಿಸಿ ವ್ಯವಸ್ಥೆ ಕಟ್ಟಿಹಾಕಿದ್ದು ಅಂತ ಸರ್ಕಾರವೇ ಹೇಳಿ ಪೊಲೀಸ್ ದೂರು ಕೊಟ್ಟಿತ್ತು. ಆ ದಿನಗಳಲ್ಲಿ ರಾಜ್ಯದಲ್ಲಿ ನೋಂದಣಿ ತೀರಾ ಇಳಿದುಹೋಗಿತ್ತು.

ಪರೀಕ್ಷೆ ಮಾಡೋಕೆ ಒಂದು ಸುಲಭ ದಾರಿ ಇದೆ. ನಿಮ್ಮ ಮೊಬೈಲ್‌ನಲ್ಲಿ ಅದೇ ಸೇವೆಯ ಸಾರ್ವಜನಿಕ ಪುಟ ತೆರೆದು ನೋಡಿ. ಅಲ್ಲೂ ತೆರೆಯದಿದ್ರೆ ತೊಂದರೆ ಬಹುಶಃ ಮೇಲಿನದ್ದು, ಕಾಯದೆ ಮನೆಗೆ ಹೋಗೋದೇ ವಾಸಿ. ನಿಮ್ಮ ಫೋನ್‌ನಲ್ಲಿ ತೆರೆದು ಕಚೇರಿಯಲ್ಲಿ ತೆರೀತಿಲ್ಲ ಅಂದ್ರೆ ತೊಂದರೆ ಕಚೇರಿಯ ನೆಟ್‌ವರ್ಕ್ ಅಥವಾ ಲಾಗಿನ್‌ನದ್ದಿರಬಹುದು. ನೌಕರರ ಒಳ ಪರದೆ ಬೇರೆ ಜಾಲದಲ್ಲಿ ಓಡೋದ್ರಿಂದ ಇದು ನೂರಕ್ಕೆ ನೂರು ಪುರಾವೆ ಅಲ್ಲ, ಆದರೆ ಶಿರಸ್ತೇದಾರ್ ಹತ್ರ ಹೋಗಿ ಕೇಳೋಕೆ ಸಾಕು.

ಸಕಾಲದಲ್ಲಿ ಬರೋ ಸೇವೆ ಆದ್ರೆ ಸರ್ವರ್ ಕಥೆ ಏನೇ ಇರಲಿ ಗಡುವು ಇದ್ದೇ ಇರುತ್ತೆ. 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಲ್ಲಿರೋ ಈ ಕಾಯ್ದೆ ಪ್ರಕಾರ ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ನಂಬರ್ ಕೊಡಬೇಕು. ಗಡುವು ಮೀರಿದ್ರೆ, ಅಥವಾ ಕಾರಣ ಸರಿ ಇಲ್ಲದೆ ಅರ್ಜಿ ತಿರಸ್ಕಾರ ಆದ್ರೆ, ಮೊದಲು ಸಕ್ಷಮ ಅಧಿಕಾರಿಗೆ, ಅಲ್ಲೂ ಆಗದಿದ್ರೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ತಡಕ್ಕೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು, ಒಂದು ದಿನದ ಕೂಲಿಗೂ ಸಮ ಆಗಲ್ಲ. ಆದರೆ ಅದು ತಡ ಮಾಡಿದ ನೌಕರರ ಸಂಬಳದಿಂದ ಹೋಗೋದ್ರಿಂದ ಮೇಲ್ಮನವಿ ಅಂದ ಕೂಡಲೇ ಕಡತ ಓಡೋದು ಉಂಟು.

ಕೊನೆಗೆ ಉಳಿಯೋದು ರೆಕಾರ್ಡ್ ರೂಮ್

ಹಳೇ ಕಡತ, ಸಾಗುವಳಿ ಚೀಟಿ, ಕೈಬರಹದ ಪಹಣಿ, ಮ್ಯುಟೇಶನ್ ಪುಸ್ತಕ ಎಲ್ಲಾ ಇಲ್ಲಿ ಕೆಂಪು ಬಟ್ಟೆ ಗಂಟಿನಲ್ಲಿವೆ. ಭೂಸುರಕ್ಷಾ ಯೋಜನೆಯಲ್ಲಿ ಇವನ್ನ ಸ್ಕ್ಯಾನ್ ಮಾಡೋ ಕೆಲಸ ಶುರುವಾಗಿದೆ. ಜೀರ್ಣವಾದ ಹಾಳೆ ಬಿಡಿಸೋದು, ಪುಟ ಎಣಿಸೋದು, ಸ್ಕ್ಯಾನ್ ಮಾಡಿ ಸೂಚಿ ಹಾಕೋದು ನಿಧಾನದ ಕೆಲಸ. ಸ್ಕ್ಯಾನ್ ಆದದ್ದರ ಪ್ರತಿ ಬೇಗ ಸಿಗುತ್ತೆ, ಒಂದು ಪುಟ ಹರಿದು ತೆಗೆದು ಇನ್ನೊಂದು ಸೇರಿಸೋ ಆಟವೂ ನಡೆಯಲ್ಲ. ನಿಮ್ಮ ಊರಿನ ಪುಸ್ತಕ ಸ್ಕ್ಯಾನ್ ಆಗಿದೆಯಾ ಅಂತ ರೆಕಾರ್ಡ್ ಕೀಪರ್ ಹತ್ರ ಮೊದಲು ಕೇಳಿ. ಆಗಿಲ್ಲ ಅಂದ್ರೆ ಗ್ರಾಮ, ಸರ್ವೆ ನಂಬರ್, ಅಂದಾಜು ಇಸವಿ ಬರೆದು ನಕಲಿಗೆ ಅರ್ಜಿ ಕೊಡಬೇಕು. ಇಸವಿ ಬರೆಯದೆ "ಹಳೇ ದಾಖಲೆ ಕೊಡಿ" ಅಂತ ಅಷ್ಟೇ ಬರೆದ ಅರ್ಜಿಗಳು ಸಾಮಾನ್ಯವಾಗಿ ವಾಪಸ್ ಬರ್ತವೆ.